ಮ್ಯಾನುವಲ್ ಮಸ್ಟ್ಯಾಂಗ್‌ಗೆ ಹೊರಗಿನ ಶಿಫ್ಟರ್: ಯಾವುದು ಕೊಳ್ಳಬೇಕು, ಹೇಗೆ ಕೂರಿಸಬೇಕು

ಆಕ್ಸಿಲರೇಟರ್ ಪೂರ್ತಿ ಒತ್ತಿ ಓಡಿಸುವಾಗ ಎರಡರಿಂದ ಮೂರಕ್ಕೆ ಗೇರ್ ಬೀಳುವುದಿಲ್ಲ ಎನ್ನುವುದು 2011ರಿಂದೀಚಿನ ಮ್ಯಾನುವಲ್ ಫೋರ್ಡ್ ಮಸ್ಟ್ಯಾಂಗ್‌ಗಳ ಮೇಲಿರುವ ಹಳೇ ದೂರು. ಯಾರನ್ನು ಕೇಳಿದರೂ ಬರುವ ಸಲಹೆ ಒಂದೇ: ‘ಶಾರ್ಟ್ ಶಿಫ್ಟರ್ ಹಾಕಿಸಿ’. ಶಿಫ್ಟರ್ ಎಂದರೆ ಗೇರ್ ಲಿವರ್ ಮತ್ತು ಅದರ ಬುಡದ ಜೋಡಣೆ; ಕಾರಿನ ಜೊತೆ ಬಂದದ್ದನ್ನು ತೆಗೆದು, ಕೈಯ ಓಡಾಟ ಕಡಿಮೆ ಇರುವ ಬೇರೆ ಕಂಪನಿಯದನ್ನು ಹಾಕುವುದು. ಕೆಲವರಿಗೆ ಇದರಿಂದ ತೊಂದರೆ ಪೂರ್ತಿ ಹೋಗುತ್ತದೆ. ಇನ್ನು ಕೆಲವರಿಗೆ ಕೆಲವು ನೂರು ಡಾಲರ್ ಸುರಿದ ಮೇಲೂ ಗೇರ್ ಅದೇ ಜಾಗದಲ್ಲಿ ತಡೆಯುತ್ತದೆ, ಜೊತೆಗೆ ಕೈಗೆ ಹೊಸದಾಗಿ ನೋವು. ಶಿಫ್ಟರ್ ಆರಿಸುವಾಗ ಲಿವರ್ ಎಷ್ಟು ಗಿಡ್ಡ ಎಂದು ನೋಡುವುದಕ್ಕಿಂತ ಮೊದಲು ಅದರ ಬುಡವನ್ನು ಯಾವುದಕ್ಕೆ ಬಿಗಿದಿದ್ದಾರೆ ಎಂದು ನೋಡಬೇಕು.

ಭಾರತದಲ್ಲಿ ಫೋರ್ಡ್ ಅಧಿಕೃತವಾಗಿ ಮಾರಿದ ಮಸ್ಟ್ಯಾಂಗ್ ಆಟೋಮ್ಯಾಟಿಕ್. ಹಾಗಾಗಿ ಇದು ಮುಖ್ಯವಾಗಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮ್ಯಾನುವಲ್ ಕಾರು ಇಟ್ಟುಕೊಂಡಿರುವ ಕನ್ನಡಿಗರಿಗೆ ಉಪಯೋಗಕ್ಕೆ ಬರುವ ಬರಹ. ನಮ್ಮೂರಿನ ಫ್ರಂಟ್ ವೀಲ್ ಡ್ರೈವ್ ಕಾರುಗಳ ಲೆಕ್ಕ ಬೇರೆ, ಅದು ಕೊನೆಯಲ್ಲಿದೆ.

ಗೇರ್‌ಬಾಕ್ಸ್ ಯಾವುದು?

ಆರ್ಡರ್ ಹಾಕುವಾಗ ಹೆಚ್ಚು ತಪ್ಪಾಗುವುದು ಇಲ್ಲೇ. ‘ಮಸ್ಟ್ಯಾಂಗ್ ಸಿಕ್ಸ್ ಸ್ಪೀಡ್’ ಎಂದಷ್ಟೇ ಹೇಳಿದರೆ ಸಾಲದು. 2011ರಿಂದ ಜಿಟಿ ಮಾದರಿಗೆ ಬಂದಿರುವುದು ಗೆಟ್ರಾಗ್ ಎಂಟಿ82. 2018ರಲ್ಲಿ ಅದೇ ಗೇರ್‌ಬಾಕ್ಸ್‌ನ ಒಳಗಿನ ಅನುಪಾತಗಳು ಬದಲಾದವು, ಜಿಟಿಗೆ ಎರಡು ಪ್ಲೇಟ್‌ನ ಕ್ಲಚ್ ಬಂತು. ಜಿಟಿ350, 2021ರ ಮ್ಯಾಕ್ 1, ಈಗಿನ ಡಾರ್ಕ್ ಹಾರ್ಸ್ ಎಂಬ ಮಸ್ಟ್ಯಾಂಗ್ ಮಾದರಿಗಳಲ್ಲಿ ಇರುವುದು ಟ್ರೆಮೆಕ್ ಟಿಆರ್-3160. ಇದಕ್ಕೆ ಮಾಡಿದ ಶಿಫ್ಟರ್ ಅದಕ್ಕೆ ಕೂರುವುದಿಲ್ಲ. ಎಂಟಿ82ರಲ್ಲೇ 2014ರವರೆಗಿನ ಕಾರಿನದು ಒಂದು, 2015ರಿಂದ ಬಂದ ಬಾಡಿಯದು ಇನ್ನೊಂದು. ವರ್ಷ, ಎಂಜಿನ್, ಮಾದರಿ ಮೂರನ್ನೂ ಬರೆದುಕೊಂಡು, ತಯಾರಕರ ಪಟ್ಟಿಯ ಪಾರ್ಟ್ ನಂಬರ್ ಜೊತೆ ತಾಳೆ ನೋಡಿ.

ತಪ್ಪು ಶಿಫ್ಟರ್‌ದೋ, ಕ್ಲಚ್‌ದೋ?

ದುಡ್ಡು ಬಿಚ್ಚುವ ಮುಂಚೆ ಮನೆ ಮುಂದೆಯೇ ಮಾಡಬಹುದಾದ ಪರೀಕ್ಷೆ ಇದು. ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಒತ್ತಿಕೊಂಡು ಆರೂ ಗೇರ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಈಗ ಎಂಜಿನ್ ಸ್ಟಾರ್ಟ್ ಮಾಡಿ, ಕಾರು ನಿಂತಲ್ಲೇ ನಿಂತಿರುವಾಗ ಅದನ್ನೇ ಮತ್ತೆ ಮಾಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದ ಗೇರ್ ಸ್ಟಾರ್ಟ್ ಆದ ಮೇಲೆ ತಡೆದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿದಾಗಲೂ ಕರ್‍ರೆಂದು ಸದ್ದು ಬಂದರೆ ಅನುಮಾನವೇ ಬೇಡ. ಇಂಥ ಕಾರಿಗೆ ಎಂಥ ಶಿಫ್ಟರ್ ಹಾಕಿದರೂ ಪ್ರಯೋಜನವಿಲ್ಲ.

ಕ್ಲಚ್ ಬಿಡದಿರಲು ಸಾಮಾನ್ಯ ಕಾರಣ ಹೈಡ್ರಾಲಿಕ್ ಲೈನಿನಲ್ಲಿ ಸೇರಿದ ಗಾಳಿ ಅಥವಾ ಹಳೆಯದಾದ ಫ್ಲೂಯಿಡ್. ಮಸ್ಟ್ಯಾಂಗ್‌ನಲ್ಲಿ ಕ್ಲಚ್‌ಗೂ ಬ್ರೇಕ್‌ಗೂ ಫ್ಲೂಯಿಡ್ ಡಬ್ಬಿ ಒಂದೇ. ಬ್ರೇಕ್ ಫ್ಲೂಯಿಡ್ ಬದಲಾಯಿಸಿದವರು ಕ್ಲಚ್ ಲೈನಿನದನ್ನು ಹಾಗೆಯೇ ಬಿಟ್ಟಿರುವುದು ಬಹಳ. ಹೆಚ್ಚು ಆರ್‌ಪಿಎಂನಲ್ಲಿ ಪೆಡಲ್ ತಳಕ್ಕೆ ಅಂಟಿಕೊಂಡು ನಿಧಾನಕ್ಕೆ ಮೇಲೆ ಬರುತ್ತಿದ್ದರೆ ಪೆಡಲ್ ಬುಡದ ಸಹಾಯಕ ಸ್ಪ್ರಿಂಗ್ ನೋಡಿ. ಅದರ ಜಾಗಕ್ಕೆ ಕಡಿಮೆ ಬಲದ ಸ್ಪ್ರಿಂಗ್ ಹಾಕಿಕೊಳ್ಳುವವರು ತುಂಬ ಜನ. ಅಗ್ಗದ ಕೆಲಸ, ಫಲ ತಕ್ಷಣ ಗೊತ್ತಾಗುತ್ತದೆ.

ಬೆಳಿಗ್ಗೆ ಚಳಿಯಲ್ಲಿ ಎರಡನೇ ಗೇರ್ ಗಟ್ಟಿಯಾಗಿದ್ದು ಕೆಲವು ಕಿಲೋಮೀಟರ್ ಓಡಿದ ಮೇಲೆ ಸರಿಹೋದರೆ ಅದು ಗೇರ್ ಎಣ್ಣೆಯ ದಪ್ಪದ ವಿಷಯ. ಬಿಸಿಯಾದ ಮೇಲೂ, ಮೆಲ್ಲಗೆ ಓಡಿಸಿದರೂ ಒಂದೇ ಗೇರ್ ಸದ್ದು ಮಾಡುತ್ತಿದ್ದರೆ ಆ ಗೇರಿನ ಸಿಂಕ್ರೊನೈಸರ್ (ಗೇರ್ ಸೇರುವ ಮುನ್ನ ವೇಗಗಳನ್ನು ಸಮ ಮಾಡುವ ಭಾಗ) ಸವೆದಿದೆ, ಗೇರ್‌ಬಾಕ್ಸ್ ಬಿಚ್ಚದೆ ವಿಧಿಯಿಲ್ಲ. ಮೆಲ್ಲಗೆ ಓಡಿಸುವಾಗ ಎಲ್ಲ ಸರಿಯಿದ್ದು, ಜೋರಾಗಿ ಎಳೆಸಿದಾಗ ಮಾತ್ರ ಲಿವರ್‌ಗೆ ದಾರಿ ಸಿಗದೆ ಹೋದರೆ ಆಗ ಮಾತ್ರ ಶಿಫ್ಟರ್ ಕಡೆ ತಿರುಗಿ.

ಬುಡ ಎಲ್ಲಿದೆ?

ಎಂಟಿ82ರಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸ್ ಒಳಗೆ ಇಳಿಯುವುದಿಲ್ಲ. ಲಿವರ್ ಇರುವುದು ಗೇರ್‌ಬಾಕ್ಸ್‌ಗಿಂತ ಹಿಂದೆ. ಅಲ್ಲಿಂದ ಒಂದು ರಾಡ್ ಮುಂದಕ್ಕೆ ಹೋಗಿ ಗೇರ್‌ಬಾಕ್ಸ್‌ನ ಶಾಫ್ಟ್‌ಗೆ ಪಿನ್ ಮೂಲಕ ಸೇರುತ್ತದೆ. ಲಿವರ್ ಹೊತ್ತ ಚೌಕಟ್ಟಿನ ಮುಂದಿನ ತುದಿ ಗೇರ್‌ಬಾಕ್ಸ್‌ಗೆ ಬಿಗಿದಿದೆ, ಹಿಂದಿನ ತುದಿ ರಬ್ಬರ್ ಬುಷ್ ಒಂದರ ಮೂಲಕ ಕಾರಿನ ಬಾಡಿಗೆ ನೇತುಬಿದ್ದಿದೆ. ತೊಂದರೆಯ ಮೂಲ ಈ ಎರಡು ಮನೆಯ ಸಂಸಾರ. ಎಂಜಿನ್ ಜೋರಾಗಿ ಎಳೆದಾಗ ಎಂಜಿನ್ನೂ ಗೇರ್‌ಬಾಕ್ಸೂ ತಮ್ಮ ಮೌಂಟ್‌ಗಳ ಮೇಲೆ ಒಂದು ಬದಿಗೆ ಹೊರಳುತ್ತವೆ, ಬಾಡಿ ಹೊರಳುವುದಿಲ್ಲ. ಚೌಕಟ್ಟಿನ ಮುಂದಿನ ತುದಿ ಗೇರ್‌ಬಾಕ್ಸ್ ಜೊತೆ ಸರಿಯುತ್ತದೆ, ಹಿಂದಿನದು ಅಲ್ಲೇ ನಿಲ್ಲುತ್ತದೆ. ಮೆತ್ತನೆಯ ಬುಷ್ ನಡುವೆ ಹಿಂಡಿಕೊಂಡು ಲಿವರ್ ಓರೆಯಾಗುತ್ತದೆ. ಒಂದು ಕ್ಷಣದ ಹಿಂದೆ ಮೂರನೇ ಗೇರ್ ಇದ್ದ ಜಾಗದಲ್ಲಿ ಈಗ ಮೂರು ಮತ್ತು ಐದರ ನಡುವಿನ ಗೋಡೆ ಸಿಗುತ್ತದೆ.

ಕೈಯಾರೆ ನೋಡಬೇಕೆಂದರೆ ಲಿವರನ್ನು ಮೂರನೇ ಗೇರಿಗೆ ಹಾಕಿ, ನಾಬ್ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ. ಚರ್ಮದ ಹೊದಿಕೆ ಎತ್ತಿ ಕೆಳಗೆ ಟಾರ್ಚ್ ಬಿಟ್ಟರೆ ಲಿವರ್ ಜೊತೆ ಇಡೀ ಚೌಕಟ್ಟೇ ತೂಗುವುದು ಕಾಣುತ್ತದೆ.

ಇದಕ್ಕೆ ಎರಡು ದಾರಿ. ಮೊದಲನೆಯದು, ಹಿಂದಿನ ರಬ್ಬರ್ ಬುಷ್ ತೆಗೆದು ಗಟ್ಟಿ ಪಾಲಿಯುರೆಥೇನ್ ಬುಷ್ ಅಥವಾ ಪೂರ್ತಿ ಬೇರೆ ಬ್ರ್ಯಾಕೆಟ್ ಹಾಕುವುದು. ಸ್ಟೀಡಾ, ಬಾರ್ಟನ್, ಬ್ಲೋಫಿಶ್ ಈ ತರದ ಭಾಗಗಳಿಗೆ ಹೆಸರಾದವು. ಹೊಸ ಶಿಫ್ಟರ್‌ನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಮುಗಿಯುವ ಕೆಲಸ, ರಸ್ತೆಯಲ್ಲಷ್ಟೇ ಓಡಿಸುವ ಬಹುಪಾಲು ಕಾರುಗಳಿಗೆ ಇಷ್ಟೇ ಸಾಕು. ಇದನ್ನು ಮಾಡದೆ ನೇರ ಶಿಫ್ಟರ್ ಕೊಳ್ಳುವುದು ಅವಸರವೇ ಸರಿ. ಗೇರ್‌ಬಾಕ್ಸ್ ಮೌಂಟ್‌ನ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ಅದೇ ಹೊತ್ತಿಗೆ ನೋಡಿಬಿಡಿ.

ಎರಡನೆಯದು, ಬಾಡಿಯ ಸಂಪರ್ಕವನ್ನೇ ಕಡಿದುಹಾಕಿ ಇಡೀ ಶಿಫ್ಟರನ್ನು ಗೇರ್‌ಬಾಕ್ಸ್‌ಗೇ ಬಿಗಿಯುವುದು. ಎಂಜಿಡಬ್ಲ್ಯು ಕಂಪನಿಯ ರೇಸ್ ಸ್ಪೆಕ್ ಈ ಜಾತಿಯದು. ಗೇರ್‌ಬಾಕ್ಸ್ ಎತ್ತ ಹೊರಳಿದರೂ ಶಿಫ್ಟರ್ ಜೊತೆಗೇ ಹೊರಳುವುದರಿಂದ ಗೇರ್‌ಗಳ ಜಾಗ ತಪ್ಪುವುದಿಲ್ಲ. ಟ್ರ್ಯಾಕ್‌ಗೆ ಹೋಗುವವರು, ಎಂಜಿನ್ ಶಕ್ತಿ ಏರಿಸಿಕೊಂಡವರು, ಹಿಡಿತ ಜಾಸ್ತಿಯ ಟೈರ್ ಹಾಕಿದವರು ಇದಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಮಾರುವವರು ಎಷ್ಟೇ ಬಣ್ಣಿಸಲಿ, ನೀವು ಕೇಳಬೇಕಾದ ಮೊದಲ ಪ್ರಶ್ನೆ: ‘ಇದರ ಹಿಂದಿನ ತುದಿ ಎಲ್ಲಿಗೆ ಬಿಗಿಯುತ್ತದೆ?’

‘ಶೇ. 40 ಗಿಡ್ಡ’ ಎಂದರೆ ಕೈಗೆ ಏನಾಗುತ್ತದೆ?

ಲಿವರ್ ಒಂದು ಸನ್ನೆಗೋಲು. ತಿರುಗುವ ಬಿಂದುವಿನಿಂದ ನಾಬ್‌ವರೆಗೆ 250 ಮಿ.ಮೀ., ಬಿಂದುವಿನಿಂದ ಕೆಳತುದಿಗೆ 50 ಮಿ.ಮೀ. ಎಂದಿಟ್ಟುಕೊಳ್ಳಿ. ಅನುಪಾತ 5. ಗೇರ್ ಬೀಳಲು ಕೆಳತುದಿ 10 ಮಿ.ಮೀ. ಸರಿಯಬೇಕಾದರೆ ನಾಬ್ 50 ಮಿ.ಮೀ. ಸರಿಯಬೇಕು. ಕೆಳತುದಿಯನ್ನು 62.5 ಮಿ.ಮೀ.ಗೆ ಉದ್ದ ಮಾಡಿದರೆ ಅನುಪಾತ 4, ನಾಬ್‌ನ ಓಡಾಟ 40 ಮಿ.ಮೀ. ಶೇ. 20 ಉಳಿಯಿತು, ಆದರೆ ಬೇಕಾದ ಬಲ ಶೇ. 25 ಏರಿತು. ಓಡಾಟವನ್ನು ಶೇ. 40 ಗಿಡ್ಡ ಮಾಡಿದರೆ ಬಲ ಸುಮಾರು 1.67 ಪಟ್ಟು. ಬಿಟ್ಟಿ ಏನೂ ಸಿಗುವುದಿಲ್ಲ.

ಬರೀ ಮೇಲಿನ ರಾಡ್ ಕತ್ತರಿಸಿದಂತಿರುವ ಗಿಡ್ಡ ಲಿವರ್‌ಗಳೂ ಬರುತ್ತವೆ. ಅವುಗಳಲ್ಲೂ ಬಲ ಏರುತ್ತದೆ, ಜೊತೆಗೆ ನಾಬ್ ಕೆಳಗಿಳಿದು ಸ್ಟೀರಿಂಗ್‌ನಿಂದ ದೂರವಾಗುತ್ತದೆ. ಕೆಳತುದಿ ಉದ್ದ ಮಾಡಿದ ಶಿಫ್ಟರ್‌ನಲ್ಲಿ ನಾಬ್‌ನ ಎತ್ತರ ಉಳಿಯುತ್ತದೆ.

ಸಿಂಕ್ರೊನೈಸರ್‌ಗೆ ತನ್ನದೇ ಆದ ವೇಳೆ ಬೇಕು ಎನ್ನುವುದು ಇನ್ನೊಂದು ವಿಷಯ. ಗೇರ್ ಮತ್ತು ಶಾಫ್ಟ್‌ನ ವೇಗಗಳನ್ನು ಅದರ ಶಂಕುವಿನಾಕಾರದ ಉಂಗುರ ಉಜ್ಜಿ ಸಮ ಮಾಡಿದ ಮೇಲೆಯೇ ಹಲ್ಲುಗಳು ಸೇರುವುದು. ಓಡಾಟ ಗಿಡ್ಡವಾದಷ್ಟೂ ಕೈ ಬೇಗ ಕೊನೆಗೆ ತಲುಪುತ್ತದೆ, ಉಂಗುರದ ಕೆಲಸ ಮಾತ್ರ ಬೇಗ ಮುಗಿಯುವುದಿಲ್ಲ. ದಿನಾ ಟ್ರಾಫಿಕ್ಕಿನಲ್ಲಿ ಓಡಿಸುವ ಕಾರಿಗೆ ಶೇ. 20-30ರ ಆಸುಪಾಸು ಸಾಕು. ಅದಕ್ಕಿಂತ ಗಿಡ್ಡ ಬೇಕೆನ್ನುವವರು ಕೊಳ್ಳುವ ಮುನ್ನ ಅದೇ ಶಿಫ್ಟರ್ ಇರುವ ಬೇರೆಯವರ ಕಾರನ್ನು ಒಂದು ಸುತ್ತು ಓಡಿಸಿ ನೋಡುವುದು ಒಳ್ಳೆಯದು.

ನಡುಸಾಲಿನ ಸ್ಪ್ರಿಂಗ್, ರಿವರ್ಸ್ ಉಂಗುರ

ಜಾಹೀರಾತಿನಲ್ಲಿ ಕಾಣದ, ಆದರೆ ಎಂಜಿನ್ ಉಳಿಸುವ ಭಾಗ ಲಿವರನ್ನು ಮೂರು-ನಾಲ್ಕರ ಸಾಲಿಗೆ ತಂದು ನಿಲ್ಲಿಸುವ ಸ್ಪ್ರಿಂಗ್. ಅದು ಸಡಿಲವಿದ್ದರೆ ಮೂರರಿಂದ ನಾಲ್ಕಕ್ಕೆ ಎಳೆಯುವಾಗ ಕೈ ತುಸು ಎಡಕ್ಕೆ ವಾಲಿದರೂ ಎರಡನೇ ಗೇರ್ ಬೀಳುತ್ತದೆ. 2018ರ ನಂತರದ ಜಿಟಿಯಲ್ಲಿ ಮೂರರ ಅನುಪಾತ 1.42, ಎರಡರದು 2.10. ಮೂರರಲ್ಲಿ 7000 ಆರ್‌ಪಿಎಂನಲ್ಲಿದ್ದು ತಪ್ಪಿ ಎರಡಕ್ಕೆ ಎಳೆದು ಕ್ಲಚ್ ಬಿಟ್ಟರೆ ಎಂಜಿನ್ನನ್ನು ಚಕ್ರಗಳು 10,350ರ ಹತ್ತಿರಕ್ಕೆ ತಿರುಗಿಸುತ್ತವೆ. ಆ ಎಂಜಿನ್ನಿನ ಮಿತಿ 7500. ಎಂಜಿನ್ ಮಿತಿ ಮೀರದಂತೆ ಕಾಯುವ ರೆವ್ ಲಿಮಿಟರ್ ಇಂಧನ ಕಡಿಯಬಲ್ಲದು, ಚಕ್ರಗಳು ಎಳೆಯುವುದನ್ನು ತಡೆಯಲಾರದು. ವಾಲ್ವ್‌ಗಳು ಪಿಸ್ಟನ್‌ಗೆ ತಾಗುವುದು ಹೀಗೆಯೇ.

ಆದ್ದರಿಂದ ಕೊಳ್ಳುವಾಗ ನ್ಯೂಟ್ರಲ್‌ನಲ್ಲಿ ಲಿವರನ್ನು ಒಂದು-ಎರಡರ ಕಡೆಗೆ ದೂಕಿ ಬಿಟ್ಟುಬಿಡಿ. ಅದು ಅಲ್ಲಾಡದೆ ನೇರ ನಡುವಿಗೆ ಬಂದು ನಿಲ್ಲಬೇಕು. ಕೆಲವು ಶಿಫ್ಟರ್‌ಗಳಲ್ಲಿ ಸ್ಪ್ರಿಂಗ್‌ನ ಬಲ ಹೊಂದಿಸಲು ಬರುತ್ತದೆ, ಟ್ರ್ಯಾಕ್‌ಗೆ ಅದು ವಾಸಿ. ಸ್ಪ್ರಿಂಗ್ ಗಟ್ಟಿಯಾದ ಮೇಲೆ ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ಬಲಕ್ಕೆ ತಳ್ಳುವ ಅಭ್ಯಾಸ ಬಿಡಬೇಕು. ಮುಂದಕ್ಕೆ ತಳ್ಳಿದರೆ ಸಾಕು, ಅಡ್ಡ ಸರಿಸುವ ಕೆಲಸ ಸ್ಪ್ರಿಂಗ್‌ನದು. ಬಲಕ್ಕೆ ಒತ್ತಿದರೆ ಐದರ ಗೋಡೆಗೆ ಬಡಿಯುತ್ತದೆ.

2015ರಿಂದೀಚಿನ ಕಾರಿನಲ್ಲಿ ರಿವರ್ಸ್‌ಗೆ ನಾಬ್‌ನ ಕೆಳಗಿನ ಉಂಗುರ ಎತ್ತಬೇಕು, ಜಾಗ ಒಂದನೇ ಗೇರಿನ ಎಡಕ್ಕೆ. ಬೇರೆ ನಾಬ್ ಹಾಕುವ ಮನಸ್ಸಿದ್ದರೆ ಆ ಉಂಗುರ ಉಳಿಯುತ್ತದೆಯೇ, ಅಡಾಪ್ಟರ್ ಬೇಕೇ ಎಂದು ಮೊದಲೇ ಕೇಳಿ. ನಾಬ್‌ನ ತಿರುಪಿನ ಎಳೆಯ (ಥ್ರೆಡ್) ಅಳತೆಯೂ ಒಂದೊಂದು ಶಿಫ್ಟರ್‌ಗೆ ಒಂದೊಂದು. ಹರ್ಸ್ಟ್‌ನ ಹಳೆಯ ಲಿವರ್‌ಗಳಲ್ಲಿ ಇಂಚಿನ ಲೆಕ್ಕದ 3/8-16 (3/8 ಇಂಚು ದಪ್ಪ, ಇಂಚಿಗೆ 16 ಎಳೆ) ಇದ್ದರೆ ಜಪಾನಿ ಕಾರುಗಳಲ್ಲಿ 10 ಅಥವಾ 12 ಮಿ.ಮೀ. ಇರುತ್ತದೆ. ಭಾರದ ನಾಬ್ ಹಾಕಿದರೆ ಗೇರ್ ಹಗುರವಾಗಿ ಬಿದ್ದಂತೆ ಅನ್ನಿಸುವುದು ನಿಜ, ಆದರೆ ಬುಷ್‌ನ ಸಡಿಲವನ್ನು ಅದು ಮುಚ್ಚಿಡುತ್ತದೆ ಅಷ್ಟೇ. ಉಕ್ಕಿನ ನಾಬ್ ಬೇಸಿಗೆಯ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೈ ಸುಡುತ್ತದೆ, ಇದನ್ನೂ ಯಾರೂ ಹೇಳುವುದಿಲ್ಲ.

ಸದ್ದು

ರಬ್ಬರ್ ಇದ್ದದ್ದು ಸುಮ್ಮನಲ್ಲ. ಅದು ಹೋದ ಮೇಲೆ ಗೇರ್‌ಬಾಕ್ಸ್‌ನ ಗುಂಯ್‌ಗುಟ್ಟುವಿಕೆ, ಎಂಜಿನ್ ನಡುಕ ಲಿವರ್ ಮೂಲಕ ಕಾರಿನೊಳಗೆ ಬರುತ್ತದೆ. ಹೆಂಡತಿ ಮಕ್ಕಳ ಜೊತೆ ದೂರ ಪ್ರಯಾಣ ಮಾಡುವ ಕಾರಾದರೆ ಗಟ್ಟಿ ಲೋಹದ ಬುಷ್ ಬೇಡ, ಪಾಲಿಯುರೆಥೇನ್ ಇರಲಿ. ಲಿವರ್‌ನ ಮೇಲಿನ ಭಾಗ ಮತ್ತು ಕೆಳಭಾಗದ ನಡುವೆ ರಬ್ಬರ್ ಪದರ ಇರುವ ಶಿಫ್ಟರ್‌ಗಳೂ ಸಿಗುತ್ತವೆ, ಸದ್ದು ತಡೆಯುತ್ತವೆ, ಆದರೆ ಕೈಗೆ ಸಿಗುವ ಸ್ಪಷ್ಟತೆ ತುಸು ಕಡಿಮೆ.

ಕೂರಿಸುವುದು

2015ರಿಂದೀಚಿನ ಮಸ್ಟ್ಯಾಂಗ್‌ಗೆ ಈ ಕೆಲಸ ಬಹುಪಾಲು ಕಾರಿನ ಅಡಿಯಿಂದಲೇ. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಸಮತಟ್ಟಾದ ನೆಲದ ಮೇಲೆ ಎತ್ತಿರಬೇಕು. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ. ಎಕ್ಸಾಸ್ಟ್ ತಣ್ಣಗಾಗಿರಲಿ.

1. ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಒಳಗಿನಿಂದ ನಾಬ್ ತಿರುಗಿಸಿ ಬಿಚ್ಚಿ, ಚರ್ಮದ ಹೊದಿಕೆ ಮತ್ತು ಅದರ ಚೌಕಟ್ಟನ್ನು ಎತ್ತಿ ತೆಗೆಯಿರಿ. ಕೆಳಗಿನ ರಬ್ಬರ್ ಹೊದಿಕೆ ಹರಿಯದಂತೆ ಬಿಡಿಸಿ.

2. ಅಡಿಯಲ್ಲಿ ಕೈ ಹೋಗಲು ಎಕ್ಸಾಸ್ಟ್‌ನ ನಡುಭಾಗವನ್ನೂ ಶಾಖ ತಡೆಯುವ ತಗಡನ್ನೂ ಇಳಿಸಬೇಕಾಗುತ್ತದೆ. ಡ್ರೈವ್‌ಶಾಫ್ಟ್ ಬಿಚ್ಚುವುದಾದರೆ ಅದರ ಫ್ಲ್ಯಾಂಜ್ ಮತ್ತು ಗೇರ್‌ಬಾಕ್ಸ್ ಫ್ಲ್ಯಾಂಜ್ ಎರಡರ ಮೇಲೂ ಸೇರಿದಂತೆ ಪೇಂಟ್ ಗೆರೆ ಎಳೆಯಿರಿ. ಮತ್ತೆ ಕೂರಿಸುವಾಗ ಗೆರೆಗಳು ಕೂಡಿಬರಬೇಕು. ಇಲ್ಲದಿದ್ದರೆ ಹೈವೇ ವೇಗದಲ್ಲಿ ನಡುಕ ಶುರುವಾಗಿ, ಅದು ಹೊಸ ಶಿಫ್ಟರ್‌ನ ತಪ್ಪೆಂದು ಹುಡುಕುತ್ತಾ ಕೂರುತ್ತೀರಿ. ಬಿಚ್ಚಿದ ಶಾಫ್ಟನ್ನು ತೂಗುಬಿಡದೆ ತಂತಿಯಲ್ಲಿ ಕಟ್ಟಿ ನಿಲ್ಲಿಸಿ.

3. ಗೇರ್‌ಬಾಕ್ಸ್ ಅಡಿಗೆ ಮರದ ತುಂಡಿಟ್ಟು ಜಾಕ್ ಕೊಡಿ. ಕ್ರಾಸ್‌ಮೆಂಬರ್ (ಗೇರ್‌ಬಾಕ್ಸ್ ಹೊತ್ತ ಅಡ್ಡಪಟ್ಟಿ) ಬೋಲ್ಟ್ ಬಿಚ್ಚಿ ಹಿಂಭಾಗವನ್ನು ಬೇಕಾದಷ್ಟು ಮಾತ್ರ ಇಳಿಸಿ. ಜಾಸ್ತಿ ಇಳಿಸಿದರೆ ಎಂಜಿನ್ ಹಿಂಭಾಗ ಅದರ ಹಿಂದಿನ ತಗಡಿನ ಗೋಡೆಯಾದ ಫೈರ್‌ವಾಲ್‌ಗೆ ತಾಗಬಹುದು, ವೈರುಗಳೂ ಎಳೆದುಕೊಳ್ಳುತ್ತವೆ.

4. ಹಿಂದಿನ ಬ್ರ್ಯಾಕೆಟ್, ಮುಂದಿನ ಬೋಲ್ಟ್‌ಗಳು, ಕೊನೆಗೆ ರಾಡ್‌ನ ಪಿನ್. ಈ ಕ್ರಮದಲ್ಲಿ ಬಿಚ್ಚಿ. ಪಿನ್ ತೆಗೆಯುವಾಗ ಗೇರ್‌ಬಾಕ್ಸ್ ಶಾಫ್ಟ್‌ಗೆ ಸುತ್ತಿಗೆಯ ಪೆಟ್ಟು ಬೀಳದಂತೆ ನೋಡಿಕೊಳ್ಳಿ.

5. ಹೊಸ ಶಿಫ್ಟರನ್ನು ಕಾರಿಗೆ ಏರಿಸುವ ಮುಂಚೆ ಮೇಜಿನ ಮೇಲೆ ಅಲುಗಿಸಿ ನೋಡಿ, ತಿರುಗುವ ಗುಂಡು ಮತ್ತು ಬುಷ್‌ಗೆ ತಯಾರಕರು ಹೇಳಿದ ಗ್ರೀಸ್ ಹಚ್ಚಿ. ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲಿ ಎರಡು ಮೂರು ಸುತ್ತು ಹಿಡಿಸಿದ ಮೇಲೆಯೇ ಬಿಗಿಯಲು ಶುರುಮಾಡಿ. ಗೇರ್‌ಬಾಕ್ಸ್ ಮೈ ಅಲ್ಯೂಮಿನಿಯಂ. ಬೋಲ್ಟಿನ ಎಳೆ ಅಡ್ಡ ಹತ್ತಿದರೆ ಶಿಫ್ಟರ್‌ಗಿಂತ ದೊಡ್ಡ ಖರ್ಚು ಕಾದಿರುತ್ತದೆ. ಬಿಗಿತ ಎಷ್ಟೆಂದು ಡಬ್ಬಿಯಲ್ಲಿರುವ ಚೀಟಿಯಲ್ಲಿದೆ, ಟಾರ್ಕ್ ವ್ರೆಂಚ್ ಬಳಸಿ. ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು) ನೀಲಿಯದು ಸಾಕು.

6. ಕ್ರಾಸ್‌ಮೆಂಬರ್ ಏರಿಸಿದ ತಕ್ಷಣ, ಎಕ್ಸಾಸ್ಟ್ ಕಟ್ಟುವ ಮೊದಲೇ ಆರೂ ಗೇರ್ ಮತ್ತು ರಿವರ್ಸ್ ಹಾಕಿ ನೋಡಿ. ಈ ಹಂತ ಬಿಟ್ಟವರು ಎಲ್ಲವನ್ನೂ ಎರಡು ಸಲ ಬಿಚ್ಚುತ್ತಾರೆ.

7. ಕೆಳಗಿನ ರಬ್ಬರ್ ಹೊದಿಕೆಯ ಅಂಚು ಸುತ್ತಲೂ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಮೂಲೆ ಎದ್ದಿದ್ದರೂ ಸದ್ದು, ಬಿಸಿ ಗಾಳಿ, ಎಕ್ಸಾಸ್ಟ್ ವಾಸನೆ ಒಳಗೆ ಬರುತ್ತವೆ. ‘ಈ ಶಿಫ್ಟರ್ ತುಂಬ ಸದ್ದು’ ಎನ್ನುವ ದೂರುಗಳಲ್ಲಿ ಎಷ್ಟೋ ಈ ಹೊದಿಕೆಯವು.

ಸ್ಟಾಪ್ ಬೋಲ್ಟ್ ಇದ್ದರೆ

ಹಳೇ ಫಾಕ್ಸ್ ಬಾಡಿ (1979-93ರ) ಮಸ್ಟ್ಯಾಂಗ್‌ನ ಟಿ-5 ಗೇರ್‌ಬಾಕ್ಸ್‌ಗೆ ಶಿಫ್ಟರ್ ಬದಲಾಯಿಸುವುದು ಇದಕ್ಕಿಂತ ಬಹಳ ಸುಲಭ. ಮೇಲಿನಿಂದಲೇ ನಾಲ್ಕು ಬೋಲ್ಟ್ ಬಿಚ್ಚಿ, ಹಳೇ ಸಿಲಿಕೋನ್ ಕೆರೆದು, ಚೂರು ಒಳಗೆ ಬೀಳದಂತೆ ಬಟ್ಟೆ ಮುಚ್ಚಿ, ಹೊಸದನ್ನು ಕೂರಿಸುವುದು. ಒಳಗಿರುವ ಪ್ಲಾಸ್ಟಿಕ್ ಬಟ್ಟಲು ಒಡೆದಿದ್ದರೆ ಅದನ್ನೂ ಬದಲಾಯಿಸಿ. ಇಲ್ಲಿ ತಲೆ ಕೆಡಿಸುವುದು ಸ್ಟಾಪ್ ಬೋಲ್ಟ್‌ಗಳು. ಲಿವರ್ ಅತಿಯಾಗಿ ಮುಂದೆ ಅಥವಾ ಹಿಂದೆ ಹೋಗಿ ಗೇರ್‌ಬಾಕ್ಸ್ ಒಳಗೆ ಗೇರ್ ಸರಿಸುವ ಫೋರ್ಕ್ ಬಾಗದಂತೆ ತಡೆಯುವುದು ಅವುಗಳ ಕೆಲಸ.

ಹೊಂದಿಸುವುದು ಹೀಗೆ: ಎರಡೂ ಬೋಲ್ಟ್ ಪೂರ್ತಿ ಹಿಂದಕ್ಕೆ ತೆಗೆಯಿರಿ. ಮೂರನೇ ಗೇರ್ ಹಾಕಿ, ಪೂರ್ತಿ ಬಿದ್ದಿದೆಯೆಂದು ಲಿವರನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಮುಂದಿನ ಬೋಲ್ಟನ್ನು ಲಿವರ್‌ಗೆ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಅರ್ಧ ಸುತ್ತಿನಿಂದ ಒಂದು ಸುತ್ತು ಹಿಂದೆ ತಂದು ಲಾಕ್ ನಟ್ ಬಿಗಿಯಿರಿ. ಎಷ್ಟು ಸುತ್ತೆಂಬುದಕ್ಕೆ ಆ ಶಿಫ್ಟರ್‌ನ ಚೀಟಿಯೇ ಅಂತಿಮ. ನಾಲ್ಕನೇ ಗೇರಿಗೆ ಹಿಂದಿನ ಬೋಲ್ಟ್ ಇದೇ ರೀತಿ. ಆಮೇಲೆ ಉಳಿದೆಲ್ಲ ಗೇರ್‌ಗಳು ಪೂರ್ತಿ ಬೀಳುತ್ತವೆಯೇ ನೋಡಿ. ಬೋಲ್ಟ್ ತೀರಾ ಹತ್ತಿರವಿದ್ದರೆ ಗೇರ್ ಅರ್ಧ ಮಾತ್ರ ಸೇರಿ, ಎಳೆತದಲ್ಲಿ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ಹಾಗೆ ನಾಲ್ಕು ಸಲ ಜಾರಿದರೂ ಹಲ್ಲಿನ ಮೂಲೆಗಳು ಸವೆದು ದುಂಡಾಗುತ್ತವೆ, ಆಮೇಲೆ ಬೋಲ್ಟ್ ಸರಿಪಡಿಸಿದರೂ ಜಾರುವುದು ನಿಲ್ಲುವುದಿಲ್ಲ. ತೀರಾ ದೂರವಿದ್ದರೆ ಬೋಲ್ಟ್ ಇದ್ದೂ ಇಲ್ಲದಂತೆ.

ಊರಿನ ಕಾರುಗಳಿಗೆ

ಪೋಲೊ, ಆಕ್ಟೇವಿಯಾದಂಥ ಕಾರುಗಳಲ್ಲಿ ಎಂಜಿನ್ ಅಡ್ಡ ಕೂತಿದ್ದು, ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಎರಡು ಕೇಬಲ್ ಹೋಗುತ್ತವೆ. ಒಂದು ಮುಂದೆ-ಹಿಂದೆಯ ಚಲನೆಗೆ, ಇನ್ನೊಂದು ಅಡ್ಡ ಚಲನೆಗೆ. ಎಂಜಿನ್ ಹೊರಳಿದರೆ ಲಿವರ್ ಓರೆಯಾಗುವ ಮಸ್ಟ್ಯಾಂಗ್‌ನ ಕಾಯಿಲೆ ಇಲ್ಲಿಲ್ಲ. ಇಲ್ಲಿ ಮೊದಲು ನೋಡಬೇಕಾದ್ದು ಕೇಬಲ್ ತುದಿಯ ಬುಷ್ ಮತ್ತು ಲಿವರ್ ಪೆಟ್ಟಿಗೆಯ ಅಡಿಯ ರಬ್ಬರ್. ವರ್ಷಗಟ್ಟಲೆ ಬಿಸಿಯಲ್ಲಿ ಕೂತು ಅವು ಪುಡಿಯಾಗಿರುತ್ತವೆ. ಶಾರ್ಟ್ ಶಿಫ್ಟ್ ಕಿಟ್ ಎಂದು ಮಾರುವುದು ಸಾಮಾನ್ಯವಾಗಿ ಗೇರ್‌ಬಾಕ್ಸ್ ಮೇಲಿನ ಸಣ್ಣ ಲಿವರನ್ನು, ಅಳತೆ ಬೇರೆ ಮಾಡಿ. ಕೆಲವು ಮುಂದೆ-ಹಿಂದೆಯ ಓಡಾಟವನ್ನು ಮಾತ್ರ ಕಡಿಮೆ ಮಾಡುತ್ತವೆ, ಅಡ್ಡ ಓಡಾಟ ಹಳೆಯಷ್ಟೇ ಉಳಿಯುತ್ತದೆ. ಕೇಳಿ ತೆಗೆದುಕೊಳ್ಳಿ.

ಹಾಕಿದ ಮೇಲೆ ಕೇಬಲ್ ಹೊಂದಿಸಲೇಬೇಕು. ಮೊದಲ ತಲೆಮಾರಿನ ಆಕ್ಟೇವಿಯಾದಲ್ಲಿ ಎರಡೂ ಕೇಬಲ್‌ಗಳ ಸ್ಪ್ರಿಂಗ್ ಲಾಕ್ ಎಳೆದು ಬಿಡಿಸಿ, ಗೇರ್‌ಬಾಕ್ಸ್ ಮೇಲಿನ ಶಾಫ್ಟನ್ನು ಕೆಳಗೊತ್ತಿ ಪಕ್ಕದ ಕೋನಾಕಾರದ ಪಿನ್ ತಿರುಗಿಸಿ ಲಾಕ್ ಮಾಡಿ, ಒಳಗೆ ಲಿವರ್‌ನ ತೂತಿಗೆ ಸುಮಾರು 5 ಮಿ.ಮೀ. ಡ್ರಿಲ್ ಬಿಟ್ ತೂರಿಸಿ ನಿಲ್ಲಿಸಬೇಕು. ಆಮೇಲೆ ಕೇಬಲ್ ಲಾಕ್‌ಗಳನ್ನು ಬಿಟ್ಟರೆ ಅವು ತಾವೇ ಸರಿಯಾದ ಜಾಗದಲ್ಲಿ ಕಚ್ಚಿಕೊಳ್ಳುತ್ತವೆ. ಡ್ರಿಲ್ ಬಿಟ್ ತೆಗೆಯಲು, ಪಿನ್ ಬಿಡಿಸಲು ಮರೆಯಬೇಡಿ.

ಹಳೇ ಶಿಫ್ಟರ್

ಹೊಸದು ಹಾಕಿ 500 ಕಿ.ಮೀ. ಓಡಿದ ಮೇಲೆ ಒಮ್ಮೆ ಅಡಿಗೆ ಹೋಗಿ ಬೋಲ್ಟ್‌ಗಳ ಬಿಗಿತ ನೋಡಿ. ಬಿಚ್ಚಿದ ಮೂಲ ಶಿಫ್ಟರನ್ನು ಬುಷ್, ಪಿನ್, ಬೋಲ್ಟ್ ಸಮೇತ ಒಂದು ಡಬ್ಬಿಯಲ್ಲಿ ಎತ್ತಿಡಿ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ವಾರಂಟಿ ರದ್ದಾಗುವುದಿಲ್ಲ. ಆದರೆ ಆ ಭಾಗದಿಂದಲೇ ಹಾನಿಯಾಯಿತೆಂದು ತೋರಿಸಿದರೆ ಆ ರಿಪೇರಿಯನ್ನು ಕಾರು ಕಂಪನಿಯವರು ನಿರಾಕರಿಸಬಹುದು, ಗೇರ್‌ಬಾಕ್ಸ್ ಕೆಟ್ಟಾಗ ಮೊದಲು ಬೆರಳು ತೋರಿಸುವುದು ಶಿಫ್ಟರ್ ಕಡೆಗೇ. ಕೊಂಡ ರಸೀದಿ, ಬಿಗಿತದ ಅಳತೆ ಇರುವ ಚೀಟಿ, ಕೂರಿಸುವಾಗ ತೆಗೆದ ಫೋಟೊಗಳು ಆ ಡಬ್ಬಿಯಲ್ಲೇ ಇರಲಿ. ಕಾರು ಮಾರುವ ದಿನ ಮೂಲ ಶಿಫ್ಟರ್ ಕೇಳುವ ಗಿರಾಕಿಗಳೂ ಇರುತ್ತಾರೆ.